ಭಾವನ ಬಲಗೈ

ನನ್ನ ಅಕ್ಕನ ಗಂಡ ಗಾಜು ಕೊಯ್ಯುವವರು. ಕಿಟಕಿ ಗಾಜು, ಬೀರುವಿನ ಗಾಜು, ಫೋಟೋ ಚೌಕಟ್ಟಿನ ಗಾಜು, ಕನ್ನಡಿ, ಏನು ಬಂದರೂ ಸರಿ. ಅಂಗಡಿಯ ಅಗಲ ಏಳು ಅಡಿ. ಎರಡೂ ಗೋಡೆಗೆ ಗಾಜಿನ ಹಾಳೆಗಳನ್ನು ಒರಗಿಸಿಟ್ಟಿರುವುದರಿಂದ ನಡುವೆ ಅಡ್ಡಡ್ಡ ಸರಿದುಕೊಂಡೇ ನಡೆಯಬೇಕು. ಭಾವನ ಮೈಕಟ್ಟು ನೋಡಿದವರಿಗೆ, ಈ ಆಸಾಮಿ ಅಲ್ಲಿ ಓಡಾಡಿಯೂ ಇನ್ನೂ ಒಂದಾದರೂ ಗಾಜು ಉಳಿದಿದೆಯಲ್ಲ ಎಂದು ಆಶ್ಚರ್ಯವಾಗುತ್ತದೆ. ಕುತ್ತಿಗೆ ಎಂಬುದೇ ಇಲ್ಲ, ತಲೆಯನ್ನು ತಂದು ನೇರವಾಗಿ ಹೆಗಲ ಮೇಲೆ ಇಟ್ಟ ಹಾಗೆ. ಕ್ಲಬ್ಬಿನಲ್ಲಿ ಅವರಿಗೆ ಗೂಟ ಎಂದೇ ಹೆಸರು.

ಇಪ್ಪತ್ತೆರಡು ವರ್ಷ ಅವರು ಕ್ಲಬ್ಬಿನ ಎರಡನೇ ತಂಡಕ್ಕೆ ರಗ್ಬಿ ಆಡಿದರು. ಮೊದಲನೇ ತಂಡಕ್ಕೆ ಒಂದೇ ಒಂದು ಸಲ ಕರೆ ಬಂದಿತ್ತು. ಅವತ್ತು ಯಾರಿಗೋ ಕನ್ನಡಿ ಕೂರಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದರಂತೆ, ಹೋಗಲಿಲ್ಲ. ಮತ್ತೆ ಯಾರೂ ಕರೆಯಲಿಲ್ಲ. ಅವರೂ ಕೇಳಲಿಲ್ಲ.

ಆ ಎರಡನೇ ತಂಡ ಈಗ ಇಲ್ಲ. ಅದು ಹೋದದ್ದು ನನ್ನ ಕೈಯಿಂದ.

ನಾನು ಲಾರಿಯ ಕಮಾನು ಪಟ್ಟಿ ರಿಪೇರಿ ಮಾಡುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಅಲ್ಲಲ್ಲ, ಶಾಲೆಯೇ ನನ್ನನ್ನು ಬಿಟ್ಟಿತು. ಮೇಷ್ಟ್ರ ಕೊರಳಪಟ್ಟಿ ಹಿಡಿದಿದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ವರ್ಕ್‌ಶಾಪಿನಲ್ಲಿ ಒಬ್ಬನ ಹಲ್ಲು ಉದುರಿಸಿದೆ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಭಾವ ನನ್ನನ್ನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಮೈದಾನಕ್ಕೆ ಕರೆದುಕೊಂಡು ಹೋಗಿ, "ಗುದ್ದಾಡೋದಿದ್ರೆ ಇಲ್ಲಿ ಗುದ್ದಾಡು. ಮಿಕ್ಕ ಆರು ದಿನ ಕೆಲ್ಸ ಮಾಡು" ಎಂದರು. ಅವರಿಂದ ನನಗೆ ಸಿಕ್ಕ ಉಪದೇಶ ಅಷ್ಟೇ. ಆಮೇಲೆ ನಾನೇ ತಂಡದ ಕ್ಯಾಪ್ಟನ್ ಆದೆ. ನನ್ನ ಗಂಟಲು ದೊಡ್ಡದು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣ ಇರಲಿಲ್ಲ.

ಸ್ಕ್ರಮ್ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಈ ಕಡೆ ಎಂಟು ಜನ, ಆ ಕಡೆ ಎಂಟು ಜನ, ಒಬ್ಬರನ್ನೊಬ್ಬರು ತಬ್ಬಿ ಬಗ್ಗಿ, ಎದುರಿನವರ ಹೆಗಲಸಂದಿಗೆ ತಲೆ ತೂರಿಸಿ ತಳ್ಳುವುದು. ನಡುವೆ ಉರುಳಿಸಿದ ಚೆಂಡನ್ನು ಮುಂದಿನ ಸಾಲಿನ ನಡುವಿನವನು ಕಾಲಲ್ಲಿ ಹಿಂದಕ್ಕೆಳೆಯಬೇಕು. ನಮ್ಮ ಮುಂದಿನ ಸಾಲಿನಲ್ಲಿ ಎಡಕ್ಕೆ ಬೇಕರಿಯವನು, ಬಲಕ್ಕೆ ನಾನು, ನಡುವೆ ಭಾವ. ನಡುವಿನವನ ಎರಡು ಕೈಯೂ ಪಕ್ಕದವರ ಬೆನ್ನು ಬಳಸಿ ಅಂಗಿ ಹಿಡಿದಿರುತ್ತವೆ. ಅವನು ಅರ್ಧ ನಮ್ಮ ಮೇಲೆ ನೇತಾಡುತ್ತಿರುತ್ತಾನೆ. ಹಿಡಿತ ಜಾರಿದರೆ ಎಲ್ಲರ ಭಾರವೂ ಅವನ ಕತ್ತಿನ ಮೇಲೆ.

ಅದಕ್ಕೆ ಭಾವ ಒಂದು ರೂಢಿ ಇಟ್ಟುಕೊಂಡಿದ್ದರು. ಬಗ್ಗುವ ಮೊದಲು ನಮ್ಮಿಬ್ಬರ ಪಕ್ಕೆಯನ್ನೂ ಎರಡು ಸಲ ಹಿಸುಕುತ್ತಿದ್ದರು. ಹಿಸುಕಿದರೆ ಹಿಡಿತ ಸರಿಯಾಗಿದೆ, ಹೋಗೋಣ ಎಂದು ಅರ್ಥ. ಅದು ಬರದೆ ಯಾರೂ ಬಗ್ಗಕೂಡದು. ಶನಿವಾರ ಸಂಜೆ ಸ್ನಾನ ಮಾಡುವಾಗ ನನ್ನ ಬಲಪಕ್ಕೆಯಲ್ಲಿ ಅವರ ಬೆರಳಿನ ಗುರುತು ನೀಲಿಯಾಗಿ ಕಾಣುತ್ತಿತ್ತು. ಇಕ್ಕಳದ ಹಿಡಿತ.

ಆ ವರ್ಷ ನಮ್ಮ ತಂಡ ಉಸಿರಿಗೆ ಒದ್ದಾಡುತ್ತಿತ್ತು. ಹದಿನೈದು ಜನ ಕೂಡುವುದೇ ಕಷ್ಟ. ಒಬ್ಬನಿಗೆ ಪಾಳಿ ಕೆಲಸ, ಒಬ್ಬನಿಗೆ ಮೊಣಕಾಲು, ಒಬ್ಬನಿಗೆ ಹೆಂಡತಿ. ಜನ ಸಾಲದೆ ಎರಡು ಪಂದ್ಯ ಆಡದೇ ಸೋತಿದ್ದೆವು. ಹಾಗೆ ಮೂರನೆಯದೂ ಆದರೆ ಲೀಗಿನಿಂದ ಹೆಸರು ಹೊಡೆದುಹಾಕುತ್ತಾರೆ. ಇನ್ನೊಂದು ನಿಯಮವೂ ಇತ್ತು. ಮುಂದಿನ ಸಾಲಿಗೆ ಕಲಿತವರೇ ಬೇಕು. ಮೂವರಲ್ಲಿ ಒಬ್ಬ ಹೊರಗೆ ಹೋಗಿ, ಬದಲಿಗೆ ಕಲಿತವನು ಇಲ್ಲದಿದ್ದರೆ, ಆಮೇಲೆ ತಳ್ಳದೆ ಬರೀ ಒರಗಿ ನಿಲ್ಲುವ ಸ್ಕ್ರಮ್. ಹಾಗಾಗುವುದಕ್ಕೆ ಕಾರಣವಾದ ತಂಡ ಎಷ್ಟೇ ಅಂಕ ಹೊಡೆದಿರಲಿ, ಪಂದ್ಯ ಆಡದೇ ಸೋತ ಲೆಕ್ಕ. ಕೊನೆಯ ಪಂದ್ಯದ ವಾರ ಇದನ್ನೆಲ್ಲ ನಾನು ಅಭ್ಯಾಸದಲ್ಲಿ ಎಲ್ಲರೆದುರು ಕೂಗಿ ಹೇಳಿದ್ದೆ. "ಮೂರೇ ಜನ ಇದೀವಿ ಮುಂದಿನ ಸಾಲಿಗೆ. ಯಾರಾದ್ರೂ ಕೈ ಎತ್ತಿದ್ರೆ ತಂಡದ ತಿಥಿ ಆಯ್ತು ಅಂತ ತಿಳ್ಕೊಳ್ಳಿ." ಭಾವ ಪಕ್ಕದಲ್ಲೇ ನಿಂತು ಕಾಲಿನ ಮಣ್ಣು ಕೆರೆಯುತ್ತಿದ್ದರು. ಮೈಮೇಲೆ ಮಳೆ ಸುರಿದರೂ ಎಮ್ಮೆ ನಿಂತ ಹಾಗೆ.

ಅದಕ್ಕೆ ಒಂದು ತಿಂಗಳ ಹಿಂದಿನಿಂದ ಅವರು ಕೈ ಕೊಯ್ದುಕೊಳ್ಳಲು ಶುರುಮಾಡಿದ್ದರು. ಗಾಜಿನ ಕೆಲಸ ಮಾಡುವವರಿಗೆ ಅದೇನು ಹೊಸದಲ್ಲ, ಆದರೆ ಭಾವನಿಗೆ ಹೊಸದು. ಕಟ್ಟರಿನ ಮೊನೆಯನ್ನು ಸೀಮೆಎಣ್ಣೆಗೆ ಅದ್ದಿ ಒಂದೇ ಗೀರು ಎಳೆದು, ಕೆಳಗಿನಿಂದ ತಟ್ಟಿ, ಎರಡು ಕೈಯಲ್ಲಿ ಹಿಡಿದು ಮುರಿಯುತ್ತಿದ್ದರು. ಆಮೇಲೆ ಹೆಬ್ಬೆರಳನ್ನು ಅಂಚಿನ ಮೇಲೆ ಹಗುರವಾಗಿ ಓಡಿಸಿ ಎಲ್ಲಿ ಉಜ್ಜಬೇಕು ಎಂದು ನೋಡುತ್ತಿದ್ದರು. ಆ ಹೆಬ್ಬೆರಳು ಎಂದೂ ಮೋಸಹೋದದ್ದಿಲ್ಲ.

ಒಂದು ದಿನ ನಾನು ಹೋದಾಗ ಬಿಳಿ ಗಾಜಿನ ಅಂಚಿನುದ್ದಕ್ಕೂ ಕೆಂಪು ಗೆರೆ.

"ಭಾವ, ರಕ್ತ."

"ಎಲ್ಲಿ?"

"ನಿಮ್ದೇ. ಹೆಬ್ಬೆಟ್ಟು."

ಅವರು ಕೈ ಎತ್ತಿ, ಗಿರಾಕಿ ತಂದ ಒಡೆದ ಕನ್ನಡಿ ನೋಡಿದ ಹಾಗೆ ನೋಡಿದರು. "ಹೌದಲ್ಲ" ಎಂದರು. ಚಿಂದಿ ಸುತ್ತಿಕೊಂಡು ಮತ್ತೊಂದು ಹಾಳೆ ಎಳೆದರು.

ಅಕ್ಕನಿಗೆ ಹೇಳಿದೆ. "ಕಣ್ಣು ಕಣೋ. ನಲವತ್ತೊಂಬತ್ತು ಆಯ್ತಲ್ಲ ಇವರಿಗೆ" ಎಂದಳು. ಇಬ್ಬರೂ ಸೇರಿ ಅವರನ್ನು ಹಿಡಿದುಕೊಂಡು ಹೋಗಿ ಕನ್ನಡಕ ಮಾಡಿಸಿದೆವು. ಭಾವ ಬೇಡ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು ಕೆಲಸ ಮಾಡಿದರು, ಕನ್ನಡಕ ಹಾಕಿಕೊಂಡೇ ಮತ್ತೆ ಕೊಯ್ದುಕೊಂಡರು. "ಈಗ ರಕ್ತ ಚೆನ್ನಾಗಿ ಕಾಣುತ್ತೆ" ಎಂದು ಅವರು ಹೇಳಿದಾಗ ನಾವು ನಕ್ಕೆವು.

ಕೊನೆಯ ಪಂದ್ಯದ ದಿನ ತಗಡಿನ ಕೋಣೆಯಲ್ಲಿ ಎಲ್ಲರೂ ಬಟ್ಟೆ ಬದಲಿಸಿ ಹೊರಗೆ ಹೋದರೂ ಭಾವ ಬೆಂಚಿನ ಮೇಲೆ ಕೂತೇ ಇದ್ದರು. ಬೂಟಿನ ಲೇಸು ಬಿಚ್ಚಿಯೇ ಇತ್ತು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ.

"ಏನ್ ಭಾವ, ಮುಹೂರ್ತ ನೋಡ್ತಾ ಇದೀರಾ? ರೆಫರಿ ಪೀಪಿ ಊದ್ತಾ ಇದಾನೆ."

"ನೀನೇ ಕಟ್ಟಯ್ಯ. ಸೊಂಟ ಬಗ್ತಾ ಇಲ್ಲ."

"ಲೇಸಿಗೆ ಬಗ್ಗದ ಸೊಂಟ ಸ್ಕ್ರಮ್ಮಿಗೆ ಬಗ್ಗುತ್ತಾ?"

ಗೊಣಗಿಕೊಂಡೇ ಮಂಡಿಯೂರಿ ಕಟ್ಟಿದೆ. ಅವರ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಬಿಚ್ಚಿಟ್ಟ ಕೈಗವಸಿನ ಹಾಗೆ. ನೋಡಿದೆ. ನೋಡಿದ್ದು ಅಷ್ಟೇ.

ಎದುರಿನವರು ಗೋದಾಮಿನ ಹಮಾಲರ ತಂಡ. ಒಬ್ಬೊಬ್ಬ ಒಂದೊಂದು ಮೂಟೆ. ಮೊದಲ ಸ್ಕ್ರಮ್ಮಿಗೆ ನಿಂತಾಗ ನನ್ನ ಪಕ್ಕೆಗೆ ಹಿಸುಕು ಬರಲಿಲ್ಲ. ಕಾದೆ. ಆ ಕಡೆ ಬೇಕರಿಯವನು, "ಬಂತು, ಬಗ್ಗೋ ಮಾರಾಯ" ಎಂದ. ಅವನಿಗೆ ಬಂದಿತ್ತು, ನನಗಿಲ್ಲ. ಲೇಸಿನ ವಿಷಯಕ್ಕೆ ಭಾವ ಮುನಿಸಿಕೊಂಡಿದ್ದಾರೆ ಎಂದುಕೊಂಡು ಬಗ್ಗಿದೆ. ಎರಡನೆಯದಕ್ಕೂ ಬರಲಿಲ್ಲ. ಮೂರನೆಯದಕ್ಕೆ ತಲೆ ಕೆಟ್ಟು, "ನನ್ ಕಡೆ ಯಾಕ್ ಹಿಸುಕ್ತಿಲ್ಲ?" ಎಂದು ಕಿರುಚಿದೆ.

"ಹಿಸುಕಿದ್ನಲ್ಲ" ಎಂದರು.

ಸುಳ್ಳು ಹೇಳುವ ದನಿಯಲ್ಲ ಅದು. ಹಿಸುಕಿದ್ದೇನೆಂದು ಅವರು ನಿಜವಾಗಿಯೂ ನಂಬಿದ್ದರು.

ಆಟ ಹೇಗೋ ಸಾಗಿತು. ನಮ್ಮಲ್ಲಿ ಕಾಲೇಜು ಹುಡುಗನೊಬ್ಬ ಓಡಿಹೋಗಿ ಎರಡು ಸಲ ಚೆಂಡು ಗೆರೆ ದಾಟಿಸಿದ. ಹದಿನೈದಕ್ಕೆ ಹದಿಮೂರು, ನಾವು ಮುಂದೆ. ಇನ್ನು ಎಂಟು ನಿಮಿಷ ಇದ್ದಾಗ ಅವರಲ್ಲೊಬ್ಬನ ಮೂಗು ಒಡೆಯಿತು, ಆಟ ನಿಂತಿತು. ಎಲ್ಲರೂ ಬಗ್ಗಿ ಮಂಡಿ ಹಿಡಿದು ಉಸಿರು ಬಿಡುತ್ತಿದ್ದೆವು. ಭಾವನ ಬಲಗೈ ನನ್ನ ಪಕ್ಕದಲ್ಲೇ ಇತ್ತು. ನಾನು ಅದರ ಹೆಬ್ಬೆರಳ ಬುಡವನ್ನು ಎರಡು ಉಗುರಿನಲ್ಲಿ ಹಿಡಿದು ಚಿವುಟಿದೆ. ಅವರು ಮೂಗು ಒಡೆದವನನ್ನು ನೋಡುತ್ತಿದ್ದರು. ಇನ್ನೂ ಜೋರಾಗಿ ಚಿವುಟಿದೆ. ಚರ್ಮ ಬೆಳ್ಳಗಾಯಿತು, ಉಗುರು ಇಳಿಯಿತು. ಅವರು ಮೂಗು ಒಡೆದವನನ್ನೇ ನೋಡುತ್ತಿದ್ದರು.

ಕೈ ಬಿಟ್ಟೆ. "ಎಷ್ಟು ದಿನದಿಂದ ಭಾವ?"

"ಏನು?"

"ಈ ಜೋಮು."

ಅವರು ತಮ್ಮ ಕೈ ನೋಡಿಕೊಂಡರು. ಉಗುರಿನ ಗುರುತು ನೋಡಿದರು. "ಆರೇಳು ವಾರ. ಮೊದ್ಲು ಹೆಬ್ಬೆಟ್ಟು ಒಂದೇ. ಈಗ ಮೊಣಕೈವರೆಗೆ."

"ತೋರಿಸಿದ್ರಾ?"

"ತೋರಿಸ್ದೆ. ಕತ್ತಲ್ಲಿ ಮೂಳೆ ನರ ಒತ್ತುತಾ ಇದೆಯಂತೆ. ಇನ್ನೊಂದು ಪೆಟ್ಟು ಸರಿಯಾಗಿ ಬಿದ್ರೆ ಕೈ ವಾಪಸ್ ಬರಲ್ಲ ಅಂದ್ರು."

ನಾಲ್ಕು ಮಿಲಿಮೀಟರ್ ಗಾಜು ಸಾಕು, ಐದರದ್ದು ಬೇಡ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು.

"ಮತ್ತೆ ಯಾಕೆ ಬಂದ್ರಿ?"

"ಮೂರೇ ಜನ ಇದೀವಿ ಅಂತ ನೀನೇ ಹೇಳಿದ್ಯಲ್ಲ."

ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವ್ವ ನನಗೆ ಸಾವಿರ ಸಲ ಹೇಳಿದ್ದಳು. ಕೂಗಿದ ಮಾತೂ ಹಾಗೆಯೇ. ನಾನು ಅಭ್ಯಾಸದಲ್ಲಿ ಕೂಗಿದ್ದು ಹೋಗಿ ಅವರ ಕತ್ತಿನಲ್ಲಿ ಕೂತಿತ್ತು.

ರೆಫರಿ ಪೀಪಿ ಊದಿ ಸ್ಕ್ರಮ್ ಎಂದರು. ನಮ್ಮ ಗೆರೆಯಿಂದ ಐದು ಹೆಜ್ಜೆ. ಎದುರಿನ ಹಮಾಲರು ಅಂಗೈ ಉಜ್ಜಿಕೊಂಡರು. ಇಲ್ಲಿ ಅವರು ಜೀವ ಬಿಟ್ಟು ತಳ್ಳುತ್ತಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ರೆಫರಿಗೆ ಹೇಳ್ತೀನಿ" ಎಂದೆ.

"ಹೇಳಿದ್ರೆ ನಮ್ಮನೆ ಹೊಸ್ತಿಲು ತುಳೀಬೇಡ" ಎಂದರು ಭಾವ. "ಇಪ್ಪತ್ತೆರಡು ವರ್ಷ ಆಡಿದೀನಿ. ಗೂಟನಿಂದ ತಂಡ ಹೋಯ್ತು ಅನ್ನಿಸ್ಕೊಳ್ಳಲ್ಲ. ಎಂಟು ನಿಮಿಷ ಕಣೋ. ಬಾ."

ಅವರ ಕೈ ನನ್ನ ಬೆನ್ನು ಬಳಸಿ ಬಂತು. ತೋಳು ಬಂತು, ಬೆರಳು ಬರಲಿಲ್ಲ. ಅಂಗಿಯ ಮೇಲೆ ಒದ್ದೆ ಬಟ್ಟೆ ಹೊದೆಸಿದ ಹಾಗಿತ್ತು. ಹಿಸುಕಿಗೆ ಕಾದೆ. ಬೇಕರಿಯವನು, "ಬಂತು" ಎಂದ.

ನಾನು ನೆಟ್ಟಗೆ ನಿಂತು ಕೈ ಎತ್ತಿದೆ. "ಸಾರ್, ನನ್ ಕತ್ತು ಹೋಯ್ತು."

ರೆಫರಿ ಮಿಕ್ಕ ದಿನಗಳಲ್ಲಿ ಶಾಲೆಯ ಮೇಷ್ಟ್ರು. ನನ್ನನ್ನು ಹೋಂವರ್ಕ್ ಮರೆತವನ ಹಾಗೆ ನೋಡಿದರು. "ತಿರುಗಿಸಿ ನೋಡೋಣ."

"ತಿರುಗಲ್ಲ ಸಾರ್."

"ಮುಂದಿನ ಸಾಲಿಗೆ ಬೇರೆ ಯಾರಿದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು."

ಗೆರೆಯ ಆಚೆ ಹೋಗಿ ನಿಂತೆ. ಕತ್ತು ಓರೆ ಹಿಡಿದುಕೊಂಡಿರಬೇಕು ಎಂಬುದು ಆಮೇಲೆ ನೆನಪಾಗಿ ಓರೆ ಮಾಡಿದೆ. ಒಳಗೆ ತಳ್ಳದ ಸ್ಕ್ರಮ್. ಬಸ್ಸಿನಲ್ಲಿ ನಿದ್ದೆ ಬಂದವರ ಹಾಗೆ ಒರಗಿ ನಿಂತರು. ಭಾವ ನನ್ನ ಕಡೆ ತಿರುಗಿ ನೋಡಲಿಲ್ಲ. ಹದಿನಾಲ್ಕೇ ಜನ ಎಂಟು ನಿಮಿಷ ತಡೆದರು. ಹದಿನೈದಕ್ಕೆ ಹದಿಮೂರರಲ್ಲೇ ಆಟ ಮುಗಿಯಿತು. ಮೈದಾನದಲ್ಲಿ ಗೆದ್ದೆವು. ಯಾರೂ ಕೈ ಮೇಲೆತ್ತಲಿಲ್ಲ. ಹಮಾಲರ ಕ್ಯಾಪ್ಟನ್ ಬಂದು ಕೈ ಕುಲುಕಿ, "ಶಾಖ ಕೊಡಿ" ಎಂದ.

ತಗಡಿನ ಕೋಣೆಯಲ್ಲಿ ಬೇಕರಿಯವನು ಬೂಟನ್ನು ಗೋಡೆಗೆಸೆದ. "ಊರಿಗೆಲ್ಲ ಉಪದೇಶ ಮಾಡ್ತಿದ್ದೆ. ಕೈ ಎತ್ತಿದ್ರೆ ತಿಥಿ ಅಂತ. ಎಂಟು ನಿಮಿಷ ಹಲ್ಲು ಕಚ್ಚೋಕಾಗ್ಲಿಲ್ವೇನೋ ನಿನಗೆ?"

"ಆಗ್ಲಿಲ್ಲ" ಎಂದೆ.

ನಾನು ತಿರುಗಿ ಬೈಯುತ್ತೇನೆಂದು ಅವನು ಕಾದ. ಬೈಯಲಿಲ್ಲ. ಒಬ್ಬೊಬ್ಬರಾಗಿ ಚೀಲ ಹೆಗಲಿಗೇರಿಸಿ ಹೋದರು. ಕೊನೆಗೆ ಭಾವ ಮತ್ತು ನಾನು. ಅವರು ಎರಡೂ ಕಾಲನ್ನು ನನ್ನ ಮುಂದೆ ಚಾಚಿದರು. ಕೂತು ಲೇಸು ಬಿಚ್ಚಿದೆ. ಮಣ್ಣು ಮೆತ್ತಿ ಗಂಟು ಬಿಗಿದಿತ್ತು, ಹಲ್ಲು ಹಾಕಿ ಎಳೆಯಬೇಕಾಯಿತು.

"ಅಕ್ಕನಿಗೆ?" ಎಂದರು.

"ನನ್ ಕತ್ತು ಹೋಯ್ತು. ಅಷ್ಟೇ."

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅಕ್ಕ ಬಾಣಲೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಸಿದ್ಧವಾಗಿದ್ದಳು. ನನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಏನೂ ಆಗದ ನನ್ನ ಕತ್ತಿಗೆ ಒತ್ತಿದಳು. ಸುಟ್ಟಿತು. ತುಟಿ ಕಚ್ಚಿ ಕೂತೆ.

"ಮೈ ಬಗ್ಗದ ವಯಸ್ಸಲ್ಲಿ ಹುಡುಗಾಟ. ಇವರಿಗೆ ಬುದ್ಧಿ ಇಲ್ಲ, ನಿನಗೆ ಅದನ್ನ ಇಡೋಕೆ ಜಾಗಾನೇ ಇಲ್ಲ" ಎಂದಳು. ಭಾವನಿಗೆ, "ರೀ, ಅಲ್ಲೇ ಟೀ ಇದೆ, ತಗೊಳ್ಳಿ. ಈಗಷ್ಟೇ ಸೋಸಿದೀನಿ, ಅಂಚು ಹಿಡ್ಕೊಳ್ಳಿ" ಎಂದಳು.

ಭಾವ ಸ್ಟೀಲಿನ ಲೋಟವನ್ನು ಬಲಗೈಯಲ್ಲಿ ಪೂರ್ತಿ ಬಳಸಿ ಹಿಡಿದರು. ಹಬೆ ಮೇಲೆದ್ದು ಕನ್ನಡಕಕ್ಕೆ ಕಟ್ಟಿಕೊಳ್ಳುತ್ತಿತ್ತು. ತುಟಿಗೆ ಒಯ್ದು, ಬಿಸಿ ಹೆಚ್ಚಾಗಿದೆ ಎಂದು ಇಳಿಸಿ, ಊದಿ, ಮತ್ತೆ ಒಯ್ದರು. ಲೋಟ ಕೆಳಗಿಡಲಿಲ್ಲ. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ.

ನನ್ನ ಕತ್ತಿನ ಮೇಲಿನ ಗಂಟು ನಿಂತಿತು.

ಅಕ್ಕ ಅವರ ಹತ್ತಿರ ಹೋಗಿ ಲೋಟ ಬಿಡಿಸಿ ಕೆಳಗಿಟ್ಟಳು. ಅಂಗೈ ತಿರುಗಿಸಿ ನೋಡಿದಳು. ಕೆಂಪಗೆ ಬೊಬ್ಬೆ ಏಳುತ್ತಿತ್ತು.

"ಸುಡಲಿಲ್ವಾ?"

"ಬಿಸಿ ಇದೆ ಅಂತ ಗೊತ್ತಾಯ್ತು."

"ಗೊತ್ತಾಗಿದ್ದು ತುಟಿಗೆ. ಕೈಗೆ ಸುಡಲಿಲ್ವಾ ಅಂದೆ."

ಭಾವ ಬೊಬ್ಬೆ ನೋಡಿಕೊಂಡರು. "ಇಲ್ಲ" ಎಂದರು.

ಅವಳು ನನ್ನ ಕಡೆ ತಿರುಗಿದಳು. ನನ್ನ ಕತ್ತು ಆಗಲೇ ನೆಟ್ಟಗಾಗಿತ್ತು. ಅದನ್ನೂ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮುಂದಿನ ಶನಿವಾರ?" ಎಂದು ಕೇಳಿದಳು.

"ಇನ್ನು ತಂಡ ಇಲ್ಲ ಅಕ್ಕ."

ಅವಳು ತಲೆಯಾಡಿಸಿ, ತಣ್ಣೀರಿನ ಪಾತ್ರೆ ತಂದು ಭಾವನ ಕೈಯನ್ನು ಅದರೊಳಗೆ ಇಟ್ಟಳು. ಕನ್ನಡಕವನ್ನು ಅವರ ಮುಖದಿಂದ ತೆಗೆದು ಮಡಚಿ ಕಪಾಟಿನ ಮೇಲಿಟ್ಟಳು.