ರಾಣಿ ಒಪ್ಪದ ವೀಸಾ

ನಮ್ಮ ಟೈಪಿಂಗ್ ಸೆಂಟರಿನಲ್ಲಿ ತಪ್ಪು ಅಚ್ಚಾದ ಅರ್ಜಿಗಳನ್ನು ಬಿಸಾಡುವುದಿಲ್ಲ. ಹಿಂಬದಿ ಖಾಲಿ ಇರುತ್ತದಲ್ಲ, ಚೀಟಿ ಬರೆಯಲು ಆಗುತ್ತದೆ. ಮೊನ್ನೆ ಅಂಥದೊಂದು ಹಾಳೆಯನ್ನು ಶಬಾನ ತಂದು ನನ್ನ ಕೀಬೋರ್ಡಿನ ಮೇಲೆ ಇಟ್ಟಳು. ಶಬಾನ ನನ್ನ ಪಕ್ಕದ ಮೇಜಿನವಳು, ಭಟ್ಕಳದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಈದ್ ರಜೆಗೆ ಗಂಡನ ಜೊತೆ ಸ್ಟಾಕ್‌ಹೋಮಿಗೆ ಹೊರಟಿದ್ದಾಳೆ, ನಾಲ್ಕೇ ದಿನಕ್ಕೆ. "ನೀವು ಹೋಗಿ ಬಂದವರಲ್ವಾ ಅಕ್ಕ, ಎಂತೆಂತ ನೋಡ್ಬೇಕು ಅಂತ ಬರ್ದು ಕೊಡಿ. ಯಲ್ಲಾ, ಬೇಗ ಬೇಗ, ಟೋಕನ್ ಕರೆಯುವುದರೊಳಗೆ," ಅಂದಳು.

ಒಂದು, ಹಳೆಯ ಪೇಟೆ. ಎರಡು, ಹಡಗಿನ ಮ್ಯೂಸಿಯಂ. ಮೂರು, ದೋಣಿಯಲ್ಲಿ ದ್ವೀಪಕ್ಕೆ. ಕೈ ತಡವರಿಸದೆ ಬರೆಯುತ್ತ ಹೋಯಿತು. ಯಾಕೆಂದರೆ ಆ ಪಟ್ಟಿ ನನ್ನದಲ್ಲ, ಇವರದು. ನನ್ನ ಗಂಡ ಸದಾನಂದರದು. ಅವರು ತೀರಿಕೊಂಡು ನಾಲ್ಕು ವರ್ಷ ಆಯಿತು. ಪಟ್ಟಿಯಲ್ಲಿದ್ದ ಯಾವುದನ್ನೂ ಅವರು ನೋಡಲಿಲ್ಲ.

ಟೈಪಿಂಗ್ ಸೆಂಟರ್ ಅಂದರೆ ಊರಿನವರಿಗೆ ಬೆರಳಚ್ಚು ಕಲಿಸುವ ಶಾಲೆ ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಈ ದೇಶಕ್ಕೆ ಬರಬೇಕಾದರೆ, ಇಲ್ಲಿ ಇರಬೇಕಾದರೆ, ಹೆಂಡತಿಯನ್ನು ಕರೆಸಬೇಕಾದರೆ, ಬಿಟ್ಟು ಹೋಗಬೇಕಾದರೆ ಅರ್ಜಿ ಬೇಕು. ಅದನ್ನು ತುಂಬಿ ಕೊಡುವವರು ನಾವು. ಬರ್ ದುಬೈಯ ಗಲ್ಲಿಯೊಂದರಲ್ಲಿ ಹದಿನೆಂಟು ವರ್ಷದಿಂದ ನಾನು ಅದೇ ಕೆಲಸ ಮಾಡುತ್ತಿದ್ದೇನೆ. ನನ್ನ ಬೆರಳಿನಿಂದ ಎಷ್ಟು ಸಂಸಾರಗಳು ಕೂಡಿದವೋ ಲೆಕ್ಕವಿಟ್ಟಿಲ್ಲ. ಹಾಗಂತ ನಾನೇನೋ ದೊಡ್ಡ ಉಪಕಾರಿ ಅಂದುಕೊಳ್ಳಬೇಡಿ. ಮುಂದೆ ಓದಿದರೆ ಹಾಗೆ ಅಂದುಕೊಳ್ಳಲಾರಿರಿ.

ಇವರು ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಬಡಾವಣೆಯ ಒಂದು ಡಬ್ಬಿ ತಯಾರಿಸುವ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಅಲ್ಲಿಯ ದೊಡ್ಡ ಮೆಷಿನ್ ಸ್ವೀಡನ್ನಿನದು. ವರ್ಷಕ್ಕೊಮ್ಮೆ ಅದರ ಸರ್ವಿಸಿಗೆ ಅಲ್ಲಿಂದ ಅಂಡರ್ಸ್ ಎಂಬ ಇಂಜಿನಿಯರ್ ಬರುತ್ತಿದ್ದ. ಹದಿನೈದು ದಿನ ಇಬ್ಬರೂ ಮೆಷಿನಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡೇ ಮಾತಾಡುತ್ತಿದ್ದರಂತೆ. ಅಂಡರ್ಸ್ ತನ್ನ ಊರಿನ ಬಗ್ಗೆ ಹೇಳಿದ್ದನ್ನೆಲ್ಲ ಇವರು ಗ್ರೀಸ್ ಮೆತ್ತಿದ ಕೈಯಲ್ಲೇ ಡೈರಿಯಲ್ಲಿ ಬರೆದಿಟ್ಟರು. ಜೂನ್ ತಿಂಗಳಲ್ಲಿ ಬಾ, ಸೂರ್ಯ ಮುಳುಗಲು ಮನಸ್ಸೇ ಮಾಡುವುದಿಲ್ಲ, ನಾಲ್ಕು ದಿನ ಸಾಕು, ನಮ್ಮ ಮನೆಯಲ್ಲೇ ಉಳಿಯಿರಿ ಎಂದು ಅವನು ಕರೆದಿದ್ದ.

ಕರೆದದ್ದು ಐದು ವರ್ಷ. ಗಲ್ಫಿನಲ್ಲಿದ್ದವರಿಗೆ ಇದು ಗೊತ್ತು, ಇಲ್ಲಿ ಲೀವ್ ಎಂಬ ಪದಕ್ಕೆ ಒಂದೇ ಅರ್ಥ. ಲೀವ್ ಯಾವಾಗ ಎಂದು ಯಾರಾದರೂ ಕೇಳಿದರೆ ಊರಿಗೆ ಯಾವಾಗ ಎಂದು ಕೇಳಿದಂತೆ. ಲೀವ್ ಇದ್ದೂ ಊರಿಗೆ ಹೋಗದವನನ್ನು ಜನ ಜಗಳವಾಗಿದೆಯೋ, ಕೇಸಿದೆಯೋ ಎಂದು ನೋಡುತ್ತಾರೆ. ಒಂದು ವರ್ಷ ಇವರ ತಂಗಿಯ ಮದುವೆ, ಒಂದು ವರ್ಷ ನಮ್ಮ ತಂದೆಯ ಕಣ್ಣಿನ ಆಪರೇಷನ್, ಒಂದು ವರ್ಷ ನಾಗನ ಪೂಜೆ. ಪ್ರತಿ ಸಲವೂ ಇವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, "ಬರುವ ವರ್ಷ ಸ್ವೀಡನ್ ಮಾರಾಯ್ತಿ," ಅನ್ನುತ್ತಿದ್ದರು. ಆರನೆಯ ವರ್ಷ ನಾನೇ ಮಾತು ಕೊಟ್ಟೆ. ಈ ಸಲ ಹೋಗುವ, ಅರ್ಜಿ ನಾನೇ ತುಂಬುತ್ತೇನೆ, ಇಷ್ಟು ಜನರದ್ದು ತುಂಬಿದ್ದೇನೆ, ನಮ್ಮದೊಂದು ಭಾರವೇ ಅಂದೆ.

ತುಂಬಿದೆ ಕೂಡ. ಕಂಪನಿಯ ತಿಜೋರಿಯಲ್ಲಿದ್ದ ಪಾಸ್‌ಪೋರ್ಟನ್ನು ಇವರು ಸಹಿ ಹಾಕಿ ಬಿಡಿಸಿ ತಂದರು. ಅಂಡರ್ಸ್ ಆಮಂತ್ರಣದ ಕಾಗದ ಕಳಿಸಿದ. ಆಗ ವೀಸಾಕ್ಕೆ ಬೆರಳಿನ ಗುರುತು ಒತ್ತಿಸಿಕೊಳ್ಳುವ ಕ್ರಮ ಇನ್ನೂ ಬಂದಿರಲಿಲ್ಲ, ಒಬ್ಬರೇ ಹೋಗಿ ಇಬ್ಬರ ಅರ್ಜಿ ಕೊಡಬಹುದಿತ್ತು. ಅಬುಧಾಬಿಯ ಸ್ವೀಡನ್ ದೂತಾವಾಸಕ್ಕೆ ಹೋಗಿ ಕೊಟ್ಟು ಬರುವುದು ನನ್ನ ಕೆಲಸ.

ಹೋಗುವ ಹಿಂದಿನ ದಿನ ನನ್ನ ತಮ್ಮ ವಸಂತ ಫೋನ್ ಮಾಡಿದ. ಅವನು ಅಬುಧಾಬಿಯಲ್ಲೇ ಕೆಲಸಕ್ಕಿರುವವನು. ಊರಿನಲ್ಲಿ ಕಟ್ಟಿಸುತ್ತಿದ್ದ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಮುಹೂರ್ತ ಸಿಕ್ಕಿತ್ತು, ಜೂನ್ ತಿಂಗಳಲ್ಲಿ, ಸರಿಯಾಗಿ ಅದೇ ವಾರ. "ಹಾಲು ಉಕ್ಕಿಸ್ಲಿಕ್ಕೆ ನೀನೇ ಬರ್ಬೇಕು ಅಕ್ಕ. ಬೇರೆ ಯಾರೂ ಬೇಡ ಅಂತ ಎಲ್ಲರಿಗೂ ಹೇಳಿದ್ದೇನೆ," ಅಂದ.

ಈ ಮಾತಿನ ತೂಕ ನಿಮಗೆ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ನಮಗೆ ಮಕ್ಕಳಿಲ್ಲ. ಮಕ್ಕಳಿಲ್ಲದವಳನ್ನು ಶುಭಕಾರ್ಯದಿಂದ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ತಟ್ಟೆ ಅವಳ ಎದುರಿಗೆ ಬಂದಾಗ ಸುಮ್ಮನೆ ಪಕ್ಕದವಳ ಕಡೆಗೆ ತಿರುಗುತ್ತದೆ, ಅಷ್ಟೆ. ಹೊಸ ಒಲೆಯ ಮುಂದೆ ನಾನು ಕೂರುವುದು, ಹಾಲು ಉಕ್ಕುವುದನ್ನು ಎಲ್ಲರೂ ನಿಂತು ನೋಡುವುದು, ಅದು ನನಗೆ ಸ್ಟಾಕ್‌ಹೋಮಿಗಿಂತ ದೂರದ ಊರಾಗಿತ್ತು.

ಮರುದಿನ ಬಸ್ಸಿನಲ್ಲಿ ಅಬುಧಾಬಿಗೆ ಹೋದೆ. ದೂತಾವಾಸದ ಬಾಗಿಲಿನವರೆಗೂ ಹೋದೆ. ಗಾಜಿನಲ್ಲಿ ನನ್ನ ಮುಖ ಕಂಡಿತು, ಕಂಕುಳಲ್ಲಿ ಫೈಲು. ವಾಪಸು ಬಸ್ ಸ್ಟ್ಯಾಂಡಿಗೆ ಬಂದು, ಒಂದು ಚಹಾ ಕುಡಿದು, ದುಬೈಗೆ ಬಂದೆ. ಪಾಸ್‌ಪೋರ್ಟುಗಳು ಎಂಟು ದಿನ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇದ್ದವು. ಒಂಬತ್ತನೆಯ ದಿನ ಊಟಕ್ಕೆ ಬಡಿಸುತ್ತ, ರಿಜೆಕ್ಟ್ ಆಯಿತು ಅಂದೆ.

ಬಾಯಿಬಿಟ್ಟು ಕೇಳಬಹುದಿತ್ತು ಎಂದು ನೀವು ಹೇಳಬಹುದು. ಇನ್ನೊಂದು ವರ್ಷ ತಡೆಯಿರಿ ಅಂದಿದ್ದರೆ ಅವರು ಇಲ್ಲ ಅನ್ನುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ಐದು ವರ್ಷ ಇಲ್ಲ ಅನ್ನದವರನ್ನು ಆರನೆಯ ಸಲ ಕೇಳಲು ಮುಖ ಬೇಕು. ರಿಜೆಕ್ಟ್ ಎಂಬ ಪದ ಒಳ್ಳೆಯದು. ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಕೌಂಟರಿನಲ್ಲಿ ಎದುರಿಗೆ ನಿಂತವರಿಗೆ ದಿನಕ್ಕೆ ನಾಲ್ಕು ಸಲ ಹೇಳಿ ನನಗೆ ಅಭ್ಯಾಸವೂ ಆಗಿತ್ತು. ಇವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು. ಆಮೇಲೆ, "ಖಲಾಸ್. ಬಿಡು ಮಾರಾಯ್ತಿ," ಅಂದರು. ಜೂನಿನಲ್ಲಿ ಊರಿಗೆ ಹೋದೆವು. ಹಾಲು ಉಕ್ಕಿತು. ನನಗೆ ಅಳು ಬಂತು, ಸಂತೋಷಕ್ಕೆ ಅಂದುಕೊಂಡರು ಎಲ್ಲರೂ. ಸಂತೋಷವೂ ಇತ್ತು, ಸುಳ್ಳು ಹೇಳಲಾರೆ.

ಅಲ್ಲಿಂದ ಇವರು ಒಂದು ಜೋಕು ಶುರುಮಾಡಿದರು. ನಾಲ್ಕು ಜನ ಸೇರಿದಲ್ಲಿ ಸ್ವೀಡನ್ ವಿಷಯ ಬಂದರೆ, "ನನ್ನ ಫೋಟೋ ತೆಗೊಂಡು ಹೋಗಿ ಅಲ್ಲಿಯ ರಾಣಿಗೆ ತೋರಿಸಿದ್ರಂತೆ. ರಾಣಿ ನೋಡಿ, ಈ ಜನ ಆಗ್ಲಿಕ್ಕಿಲ್ಲ ಅಂದಳಂತೆ," ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ವಸಂತ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಅಂಡರ್ಸ್ ಮುಂದಿನ ಸಲ ಬಂದಾಗ ತನ್ನ ದೇಶ ಮಾಡಿದ್ದಕ್ಕೆ ತಾನು ಕ್ಷಮೆ ಕೇಳಲು ಬಂದ. ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನೀರುದೋಸೆ ತಿನ್ನುತ್ತ, ನನಗೆ ನಾಚಿಕೆಯಾಗುತ್ತಿದೆ ಎಂದು ನನಗೆ ಹೇಳಿದ. ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ. ಅಷ್ಟು ಬಿಟ್ಟು ಬೇರೇನು ಮಾಡಬಹುದಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಫ್ಯಾಕ್ಟರಿಯ ಬಸ್ಸಿನಲ್ಲಿ ಇವರು ಕೂತಲ್ಲೇ ಹೋದರು. ಪಕ್ಕದವರು ನಿದ್ದೆ ಅಂದುಕೊಂಡಿದ್ದರಂತೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ಶವ ಊರಿಗೆ ಕಳಿಸುವ ಕಾಗದಗಳನ್ನೂ ನಾನೇ ಟೈಪ್ ಮಾಡಿದೆ, ತಪ್ಪಿಲ್ಲದೆ.

ಎರಡು ವರ್ಷದ ನಂತರ ನಾನು ಒಬ್ಬಳೇ ಹೋದೆ. ಡೈರಿಯ ಪಟ್ಟಿ ಮುಗಿಸಿ ಬಂದರೆ ಮನಸ್ಸು ಹಗುರವಾದೀತು ಎಂಬ ಆಸೆ. ವೀಸಾ ಒಂಬತ್ತು ದಿನದಲ್ಲಿ ಸಿಕ್ಕಿತು, ಒಂದು ಪ್ರಶ್ನೆಯೂ ಕೇಳಲಿಲ್ಲ.

ನೀವು ಹೋಗುವುದಾದರೆ, ಮೊದಲ ದಿನ ಹಳೆಯ ಪೇಟೆ ನೋಡಿ. ಅದೊಂದು ಸಣ್ಣ ದ್ವೀಪ. ಅರಿಶಿನ, ಕಾವಿ ಬಣ್ಣದ ಎತ್ತರದ ಮನೆಗಳು, ಉರುಟು ಕಲ್ಲು ಹಾಸಿದ ಬೀದಿಗಳು. ಒಂದು ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಕೈ ಚಾಚಲು ಆಗುವುದಿಲ್ಲ, ಎರಡೂ ಕಡೆಯ ಗೋಡೆ ಮುಟ್ಟುತ್ತದೆ. ಇಬ್ಬರು ಜೊತೆಯಾಗಿ ನಡೆಯಲು ಬಾರದ ಗಲ್ಲಿಯನ್ನು ನೋಡಲು ಎಲ್ಲರೂ ಜೋಡಿಯಾಗಿ ಬರುತ್ತಾರೆ. ಮೆಟ್ರೋ ಸ್ಟೇಷನ್ನುಗಳನ್ನು ಬಿಡಬೇಡಿ. ಬಂಡೆ ಕೊರೆದು ಗುಹೆಯ ಹಾಗೆಯೇ ಬಿಟ್ಟು ಮೇಲೆ ಬಣ್ಣ ಬಳಿದಿದ್ದಾರೆ, ಒಂದು ಟಿಕೆಟಿನಲ್ಲಿ ಐದಾರು ನೋಡಬಹುದು. ದೋಣಿಗಳೂ ಬಸ್ಸಿನ ಹಾಗೆ ಓಡಾಡುತ್ತವೆ. ನಮ್ಮ ದುಬೈ ಕ್ರೀಕಿನ ಅಬ್ರಾ ದೋಣಿಯಂತೆ ನೀರು ಮುಟ್ಟುವಷ್ಟು ಹತ್ತಿರ ಕೂರಲಾಗುವುದಿಲ್ಲ, ಆದರೆ ಗಾಳಿ ತಣ್ಣಗಿರುತ್ತದೆ. ಜೂನಿನಲ್ಲೂ ಸ್ವೆಟರ್ ಬೇಕು. ದಿನಕ್ಕೆರಡು ಸಲ ಅಲ್ಲಿಯವರು ಕೆಲಸ ಬಿಟ್ಟು ಕಾಫಿಗೆ ಕೂರುತ್ತಾರೆ, ಜೊತೆಗೆ ಏಲಕ್ಕಿ ಹಾಕಿದ ಬನ್ನು. ಚೆನ್ನಾಗಿತ್ತು. ಇವರು ಇದ್ದಿದ್ದರೆ ಸಕ್ಕರೆ ಕಡಿಮೆ ಅನ್ನುತ್ತಿದ್ದರು.

ಮೂರನೆಯ ದಿನ ಅಂಡರ್ಸ್ ತಾನೇ ಹಡಗಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ. ಒಳಗೆ ಕತ್ತಲು ಕತ್ತಲು, ನಡುವೆ ಮನೆಗಳಿಗಿಂತ ಎತ್ತರದ ಮರದ ಹಡಗು. ಅಲ್ಲಿಯ ರಾಜನೊಬ್ಬ ಕಟ್ಟಿಸಿದ್ದಂತೆ. ಮೇಲಿನ ಭಾರ ಹೆಚ್ಚಾಗಿ, ಹೊರಟ ದಿನವೇ, ದಡದಲ್ಲಿ ನಿಂತ ಜನ ನೋಡುತ್ತಿದ್ದಂತೆಯೇ ಮುಳುಗಿತಂತೆ. ಮುನ್ನೂರಕ್ಕೂ ಹೆಚ್ಚು ವರ್ಷ ನೀರಿನಡಿ ಇದ್ದದ್ದನ್ನು ಎತ್ತಿ ತಂದು ನಿಲ್ಲಿಸಿದ್ದಾರೆ. ತಮ್ಮ ತಪ್ಪನ್ನು ಎತ್ತಿ, ಒಣಗಿಸಿ, ಟಿಕೆಟ್ ಇಟ್ಟು ತೋರಿಸುವ ಜನ. ನನಗೆ ಅವರ ಮೇಲೆ ಸಿಟ್ಟು ಬಂತು.

ಅಲ್ಲಿಯ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ, ಈ ಸಲ ನಿಮ್ಮ ದೇಶ ಬೇಗ ಒಪ್ಪಿತು ಅಂದೆ, ಏನೋ ಮಾತಿಗೆ. ಅಂಡರ್ಸ್ ನಕ್ಕ. ಆಮೇಲೆ ಬಹಳ ಸಹಜವಾಗಿ ಒಂದು ಕಥೆ ಹೇಳಿದ. ವೀಸಾ ತಿರಸ್ಕಾರವಾಯಿತೆಂದು ಅವನಿಗೆ ಕೋಪ ಬಂದಿತ್ತಂತೆ. ನಮ್ಮ ಮನೆಗೆ ಬಂದು ಹೋದ ಮರುದಿನ ಫ್ಯಾಕ್ಟರಿಯಲ್ಲಿ ಇವರಿಗೆ, ದೂರು ಬರೆಯುತ್ತೇನೆ, ಪಾಸ್‌ಪೋರ್ಟ್ ತೋರಿಸು ಅಂದನಂತೆ. ಆ ಕಾಲದಲ್ಲಿ ಅರ್ಜಿ ತೆಗೆದುಕೊಂಡರೆ, ವೀಸಾ ಕೊಡಲಿ ಬಿಡಲಿ, ಪಾಸ್‌ಪೋರ್ಟಿನಲ್ಲಿ ಒಂದು ಸಣ್ಣ ಮುದ್ರೆ ಒತ್ತುತ್ತಿದ್ದರು. ಇಬ್ಬರೂ ಮೆಷಿನಿನ ದೀಪದಡಿ ಎಲ್ಲ ಪುಟ ತಿರುವಿ ಹಾಕಿದರು. ಮುದ್ರೆ ಇರಲಿಲ್ಲ.

ಹದಿನೆಂಟು ವರ್ಷದಿಂದ ಟೈಪಿಸ್ಟ್ ನಾನು. ಈ ದೇಶಕ್ಕೆ ಬರುವವರ ಮುದ್ರೆಗಳೆಲ್ಲ ನನಗೆ ಬಾಯಿಪಾಠ. ಅದೊಂದು ಗೊತ್ತಿರಲಿಲ್ಲ.

"ಸದಾ ಪುಟಗಳನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ," ಅಂದ ಅಂಡರ್ಸ್. "ಆಮೇಲೆ ನಕ್ಕು, ಅವಳು ಊರಿನವರಿಗೆಲ್ಲ ವೀಸಾ ಮಾಡಿಸಿ ಕೊಡುತ್ತಾಳೆ, ಒಂದನ್ನಾದರೂ ರಿಜೆಕ್ಟ್ ಮಾಡುವ ಅಧಿಕಾರ ಅವಳಿಗೂ ಇರಲಿ ಅಂದ. ತನಗೆ ಗೊತ್ತಾಯಿತೆಂದು ಅವಳಿಗೆ ಹೇಳಬೇಡ ಅಂದ. ಆಮೇಲೆ ನೀವಿಬ್ಬರೂ ಇದನ್ನು ಹೇಳಿಕೊಂಡು ನಕ್ಕಿರುತ್ತೀರಿ, ಅಲ್ಲವೇ?"

ಹೌದು ಅಂದೆ. ಅದು ಎರಡನೆಯ ಸುಳ್ಳು.

ನಾಲ್ಕನೆಯ ದಿನ ನಾನು ಏನೂ ನೋಡಲಿಲ್ಲ. ಅಂಡರ್ಸನ ಮನೆಯ ಕೋಣೆಯಲ್ಲಿ ಕೂತು ಆ ಜೋಕನ್ನು ಮತ್ತೆ ಮತ್ತೆ ಕೇಳಿಸಿಕೊಂಡೆ. ರಾಣಿ ನೋಡಿ, ಈ ಜನ ಆಗ್ಲಿಕ್ಕಿಲ್ಲ ಅಂದಳಂತೆ. ಗೊತ್ತಾದ ಮೇಲೂ ಎರಡು ವರ್ಷ ಅದನ್ನೇ ಹೇಳಿದ್ದರು, ನನ್ನ ಎದುರಿಗೇ, ಸಾರು ಬಡಿಸುವಾಗ, ಬಸ್ಸಿಗೆ ಕಾಯುವಾಗ. ಹೇಳುವಾಗ ನನ್ನ ಕಡೆ ನೋಡುತ್ತಿದ್ದರೇ? ನೆನಪಾಗುವುದಿಲ್ಲ. ನಾನು ನೋಡುತ್ತಿರಲಿಲ್ಲವಲ್ಲ. ಒಪ್ಪಿಕೋ ಎಂದು ಪ್ರತಿ ಸಲ ಬಾಗಿಲು ತೆರೆದು ಕೊಡುತ್ತಿದ್ದರೋ, ಸೂಜಿಯಿಂದ ಚುಚ್ಚುತ್ತಿದ್ದರೋ ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಕ್ಷಮಿಸಿದ್ದರು ಎಂದು ಹೇಳಿ ನನ್ನನ್ನು ಸಮಾಧಾನ ಮಾಡಬೇಡಿ. ಕೇಳದೆ ಕೊಟ್ಟ ಕ್ಷಮೆಯನ್ನು ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಕೇಳುವ ಅವಕಾಶವನ್ನು ಅವರು ತಮ್ಮ ಜೊತೆಗೇ ತೆಗೆದುಕೊಂಡು ಹೋದರು. ಅವರ ಮೇಲೂ ನನಗೆ ಸಿಟ್ಟಿದೆ.

ಶಬಾನಳಿಗೆ ಪಟ್ಟಿ ಬರೆದುಕೊಟ್ಟ ವಾರವೇ, ಶುಕ್ರವಾರ, ಅಬುಧಾಬಿಯಲ್ಲಿ ವಸಂತನ ಮನೆಯಲ್ಲಿ ಊಟವಿತ್ತು. ಅವನ ಹೆಂಡತಿ, ಅದೇ ಫ್ಲ್ಯಾಟನ್ನು ಹಂಚಿಕೊಂಡಿರುವ ಇನ್ನೊಂದು ಸಂಸಾರ, ಕೆಳಗೆ ಚಾಪೆ ಹಾಸಿ ಕೂತಿದ್ದೆವು. ನನ್ನ ಜೊತೆಯವಳು ಸ್ಟಾಕ್‌ಹೋಮಿಗೆ ಹೋಗುತ್ತಾಳೆ ಎಂದು ಮಾತಿಗೆ ಹೇಳಿದೆ. ವಸಂತ ಎಲೆಯಿಂದ ತಲೆ ಎತ್ತಿ, "ಭಾವನ ಫೋಟೋ ನೋಡಿ ರಾಣಿ ಎಂತ ಹೇಳಿದ್ದಳು ಗೊತ್ತುಂಟಾ?" ಎಂದು ಶುರುಮಾಡಿದ. ಇವರ ದನಿಯನ್ನೇ ತಂದುಕೊಂಡು ಹೇಳುತ್ತಾನೆ, ಕೊನೆಯಲ್ಲಿ ಕೈ ತಿರುಗಿಸುವುದೂ ಹಾಗೆಯೇ. ಎಲ್ಲರೂ ನಕ್ಕರು.

"ಆ ರಾಣಿ ನಾನೇ ವಸಂತ," ಅಂದೆ. ಬಸ್ಸು ಹತ್ತಿದ್ದು, ಬಾಗಿಲಿನಿಂದ ಮರಳಿದ್ದು, ಒಕ್ಕಲಿನ ವಾರ, ಹಾಲು, ಎಲ್ಲ ಹೇಳಿದೆ. ಐದು ನಿಮಿಷ ಸಾಕಾಯಿತು.

ವಸಂತ ಅನ್ನವನ್ನು ಬೆರಳಲ್ಲಿ ಒಂದು ಕಡೆ ಸರಿಸಿದ. "ಅದನ್ನು ನನ್ನ ಮನೆಯ ಮೇಲೆ ಹಾಕ್ಬೇಡ ಅಕ್ಕ. ನಾನು ಕರೆದದ್ದು ಪ್ರೀತಿಯಿಂದ," ಅಂದ. ಅವನು ಹೇಳಿದ್ದು ಸರಿ. ಅವನ ಹೆಂಡತಿ ನನಗೆ ಮಜ್ಜಿಗೆ ಬಡಿಸಿದಳು.

ಹಗುರವಾಗಲಿಲ್ಲ. ಸಂಜೆ ದುಬೈಯ ಬಸ್ಸಿನಲ್ಲಿ ಕೂತಾಗ ಇನ್ನೊಂದು ಹೊಳೆಯಿತು. ವಸಂತ ಇನ್ನು ಆ ಜೋಕು ಹೇಳುವುದಿಲ್ಲ. ಅವನು ಹೇಳದಿದ್ದರೆ ಬೇರೆ ಯಾರೂ ಹೇಳುವವರಿಲ್ಲ. ನಾಲ್ಕು ವರ್ಷದಿಂದ ಸದಾನಂದರ ದನಿ ಅದೊಂದರಲ್ಲಿ ಮಾತ್ರ ಉಳಿದಿತ್ತು.