ದೇವರಿಗೆ ಬಹುವಚನ

ಆ ಭಾನುವಾರವೂ ಎಂದಿನಂತೆ ಐದೂವರೆಗೆ ಎದ್ದೆ. ಕುಕ್ಕರಿನಲ್ಲಿ ಬೇಳೆ ಕೂಗಿಸಿದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಯಜಮಾನರಿಗೆ ಎರಡು ದೋಸೆ ಹುಯ್ದು, ತಟ್ಟೆ ಕವುಚಿಟ್ಟೆ. ಸೀರೆಯ ನೆರಿಗೆಗೆ ಪಿನ್ನು ಹಾಕಿಕೊಂಡು ಮಕ್ಕಳ ಬುಟ್ಟಿ ತುಂಬಿದೆ: ಕ್ರೇಯಾನು, ಒದ್ದೆ ಟಿಶ್ಯೂ, ಬ್ಯಾಟರಿಯಿಂದ ಉರಿಯುವ ಮೇಣದಬತ್ತಿ. ನಿಜವಾದ ಬತ್ತಿ ಹಚ್ಚಿದರೆ ಚರ್ಚಿನ ಕೋಣೆಯಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ.

ಪಿಯಾರಾ ವಾಟರ್ಸ್ ಬಡಾವಣೆಯ ನಮ್ಮ ಮನೆಗೆ ಹತ್ತಿರದ ಆ ಚರ್ಚಿನಲ್ಲಿ ತಿಂಗಳಿಗೊಮ್ಮೆ ಕನ್ನಡ ಪೂಜೆ ನಡೆಯುತ್ತದೆ. ಅದಕ್ಕೆ ಮುಂಚೆ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಹಾಡು, ಪ್ರಾರ್ಥನೆ ಕಲಿಸುವುದು ಆರು ವರ್ಷದಿಂದ ನನ್ನ ಪಾಲಿನ ಕೆಲಸ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಕಣ್ಣು ಮುಚ್ಚಿ" ಎಂದರೆ ಮುಚ್ಚುತ್ತಾರೆ, ಮುಚ್ಚಿಕೊಂಡೇ "ಆಂಟಿ, ಈಸ್ ಇಟ್ ಓವರ್?" ಎನ್ನುತ್ತಾರೆ.

ಅವರಲ್ಲಿ ಒಬ್ಬಳು ಏಳು ವರ್ಷದ ಹುಡುಗಿ. ತಾಯಿ ಡಾಕ್ಟರು, ಅಡಿಲೇಡ್‌ನಿಂದ ವರ್ಗವಾಗಿ ಬಂದು ಐದಾರು ತಿಂಗಳಾಗಿತ್ತು. ಅಲ್ಲಿರುವಾಗ ಮಗುವನ್ನು ಬೆಳೆಸಿದ್ದು ಅಜ್ಜಿ. ಅಜ್ಜಿ ಮೈಸೂರಿಗೆ ಹಿಂದಿರುಗಿದ ಮೇಲೆ ಹುಡುಗಿಯ ಮಾತೇ ನಿಂತಂತಾಗಿತ್ತು. ನನ್ನ ಕೋಣೆಯಲ್ಲಿ ಅವಳು ಅದುವರೆಗೆ ಬಾಯಿ ತೆರೆದದ್ದು ಹಾಡುವವಳಂತೆ ನಟಿಸುವುದಕ್ಕೆ ಮಾತ್ರ.

ಮರುದಿನ ಅಜ್ಜಿಗೆ ಮೈಸೂರಿನಲ್ಲಿ ಹೃದಯದ ಆಪರೇಷನ್ ಇತ್ತು. ಪೂಜೆಯ ನಡುವೆ ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬೇಡಿಕೆ ಹೇಳುವ ಕ್ರಮವಿದೆ. ಈ ಸಲ ಹುಡುಗಿ ತಾನೂ ಹೇಳುತ್ತೇನೆ, ಕನ್ನಡದಲ್ಲೇ ಹೇಳುತ್ತೇನೆ ಎಂದಿದ್ದಳಂತೆ. ಆಸ್ಪತ್ರೆಯ ಮಂಚದ ಮೇಲಿಂದ ಅಜ್ಜಿ ಫೋನಿನಲ್ಲಿ ನೋಡುವುದೆಂದು ತಾಯಿ ಏರ್ಪಾಡು ಮಾಡಿದ್ದಳು.

ಹುಡುಗಿ ಒಂದು ಚೀಟಿ ತಂದಿದ್ದಳು. ಕನ್ನಡ ಅಕ್ಷರ ಬರದು. ಹಸಿರು ಕ್ರೇಯಾನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದಿದ್ದಳು. ನನ್ನ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತು ಓದಿದಳು:

"ಯೇಸಪ್ಪಾ, ನಾಳೆ ನಮ್ಮಜ್ಜಿ ಎದೆ ಕೊಯ್ತಾರಂತೆ. ನೀನು ಅಲ್ಲೇ ಇರು. ಎಲ್ಲೂ ಹೋಗ್ಬೇಡ."

ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಿವಿಗೆ ಬಿದ್ದದ್ದು ಮಾತ್ರ "ನೀನು."

"ಚೆನ್ನಾಗಿದೆ ಪುಟ್ಟಾ," ಎಂದೆ. "ಆದ್ರೆ ದೇವರಿಗೆ ನೀನು ತಾನು ಅಂತಾರಾ? ನೀವು ಅನ್ಬೇಕು. ದೊಡ್ಡೋರಲ್ವಾ?"

"ಬಟ್ ಅಜ್ಜಿ ಸೇಸ್ ನೀನು."

"ಅದು ಮನೇಲಿ. ಇದು ಚರ್ಚು."

ಉಳಿದ ಮಕ್ಕಳು ಕಿಸಕ್ಕೆಂದು ನಕ್ಕರು. ಒಬ್ಬಳು "ಶೀ ವಾಸ್ ರೂಡ್ ಟು ಗಾಡ್!" ಎಂದಳು. ನಾನು ಅವಳನ್ನು ಸುಮ್ಮನಿರಿಸಲಿಲ್ಲ. ಹಸಿರು ಸಾಲುಗಳ ಮೇಲೆ ಗೀಟು ಹಾಕಿ ಕೆಳಗೆ ನನ್ನ ಪೆನ್ನಿನಲ್ಲಿ, ಅವಳಿಗೆ ಓದಲು ಬರಲೆಂದು ಇಂಗ್ಲಿಷ್ ಅಕ್ಷರಗಳಲ್ಲೇ, ಬೇರೆ ಬರೆದೆ: ಪ್ರಭುವೇ, ನಾಳೆ ಶಸ್ತ್ರಚಿಕಿತ್ಸೆಗೆ ಒಳಗಾಗಲಿರುವ ನಮ್ಮ ಅಜ್ಜಿಯವರ ಸಂಗಡ ತಾವು ಇರಬೇಕೆಂದು ಬೇಡುತ್ತೇವೆ. ನಾಲ್ಕು ಸಲ ಹೇಳಿಸಿದೆ. ನಾಲ್ಕು ಸಲವೂ ಅವಳ ನಾಲಿಗೆ "ಶಸ್ತ್ರ"ದಲ್ಲೇ ತೊಡರಿತು.

ನಾನು ಗದರಲಿಲ್ಲ. ಎಷ್ಟೋ ದಿನ ಇದನ್ನೇ ನನಗೆ ನಾನು ಹೇಳಿಕೊಂಡೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಇದೇ ಏಕವಚನಕ್ಕೆ ನನ್ನನ್ನು ಪ್ರಾರ್ಥನಾಲಯದ ಬಾಗಿಲ ಹೊರಗೆ ನಿಲ್ಲಿಸಿದ್ದರು. ಅವರು ಹುಬ್ಬು ಗಂಟಿಕ್ಕಿ ತಿದ್ದಿದ್ದರು, ನಾನು ನಗುನಗುತ್ತಾ ತಿದ್ದಿದೆ. ವ್ಯತ್ಯಾಸ ಅಷ್ಟೇ.

ಪೂಜೆಯಲ್ಲಿ ಅವಳ ಸರದಿ ಬಂತು. ಮೈಕು ತಗ್ಗಿಸಿಕೊಟ್ಟೆ. ಎರಡನೇ ಸಾಲಿನಲ್ಲಿ ತಾಯಿ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಹುಡುಗಿ ಚೀಟಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಯಾರೋ ಕೆಮ್ಮಿದರು. ಬಗ್ಗಿ "ಹೇಳು, ನಿಂಗೆ ಹೇಗೆ ಬರುತ್ತೋ ಹಾಗೆ ಹೇಳು" ಎಂದು ಅವಳ ಕಿವಿಯಲ್ಲಿ ಅಂದಿದ್ದರೆ ಸಾಕಿತ್ತು. ನಾನು ಚೀಟಿಯನ್ನು ಅವಳ ಬೆರಳುಗಳಿಂದ ಮೆಲ್ಲನೆ ಬಿಡಿಸಿಕೊಂಡು, ನನ್ನ ವಾಕ್ಯವನ್ನು ನಾನೇ ಓದಿದೆ. ಒಂದು ಒತ್ತಕ್ಷರವೂ ಜಾರಲಿಲ್ಲ.

ಪೂಜೆ ಮುಗಿದ ಮೇಲೆ ಚಹಾ ಹಿಡಿದುಕೊಂಡು ಬಂದ ಒಬ್ಬ ಅಂಕಲ್, "ಎಂಥಾ ಶುದ್ಧ ಕನ್ನಡ ಕಣಮ್ಮಾ ನಿಂದು! ಕಾನ್ವೆಂಟಲ್ಲಿ ಓದಿದವಳು ಅಂದ್ರೆ ಯಾರೂ ನಂಬಲ್ಲ" ಎಂದರು. ನಾನು ನಕ್ಕೆ. ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಆಗ ಹುಡುಗಿಯ ತಾಯಿ ಬಂದಳು. "ಸಾರಿ ಆಂಟಿ. ಮನೇಲಿ ಹತ್ತು ಸಲ ಹೇಳಿದ್ಲು, ಚೆನ್ನಾಗೇ ಹೇಳಿದ್ಲು. ಇಲ್ಲಿ ಬಂದು ಏನಾಯ್ತೋ. ನಿಮಗೆ ತೊಂದ್ರೆ ಕೊಟ್ಬಿಟ್ವಿ."

"ಪರವಾಗಿಲ್ಲ ಬಿಡಮ್ಮಾ, ಚಿಕ್ಕ ಮಗು," ಎಂದೆ.

ಕ್ಷಮಿಸಿದ್ದು ನಾನು! ಬಾಯಿಂದ ಬಿದ್ದ ಆ ಮಾತನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಅವಳ ಕೈಯಲ್ಲಿನ ಫೋನಿನಿಂದ ಅಜ್ಜಿಯ ಕ್ಷೀಣ ದನಿ ಬಂತು. "ಯಾಕೆ ಚಿನ್ನಾ, ಅಜ್ಜಿಗೋಸ್ಕರ ಕೇಳ್ತೀನಿ ಅಂದಿದ್ದೆ?"

ತಾಯಿಯ ಸೆರಗಿನ ಹಿಂದೆ ನಿಂತಿದ್ದ ಹುಡುಗಿ ನನ್ನತ್ತ ನೋಡದೆ ಹೇಳಿದಳು: "ಐ ಡೋಂಟ್ ನೋ ಹೌ ಟು ಸೇ ಇಟ್, ಅಜ್ಜಿ."

ತಾಯಿಗೆ ನಡೆದದ್ದನ್ನು ಅಲ್ಲೇ ಹೇಳಬಹುದಿತ್ತು. ಬುಟ್ಟಿಯೊಳಗಿನ ಕ್ರೇಯಾನುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾ ನಿಂತೆ.

ಮಧ್ಯಾಹ್ನ ಸಾರು ಉಪ್ಪಾಗಿತ್ತು. ಸಂಜೆ ಹಿತ್ತಲಿನಲ್ಲಿ ಕೂತು ಅವಳ ತಾಯಿಗೆ ಸಂದೇಶ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಆಪರೇಷನ್ನಿಗೆ ಇನ್ನೂ ಒಂದು ರಾತ್ರಿಯಿತ್ತು. ಮಗು ಅಜ್ಜಿಗೆ ತನ್ನ ಮಾತಿನಲ್ಲೇ ಪ್ರಾರ್ಥನೆ ಕೇಳಿಸಬಹುದಿತ್ತು. ಅದಕ್ಕೆ ಮೊದಲು, ತಪ್ಪು ಅವಳದಲ್ಲ, ನನ್ನದು ಎಂದು ನಾನು ಒಪ್ಪಿಕೊಳ್ಳಬೇಕಿತ್ತು.

ಬೇಲಿಯಾಚೆ ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರೂ ಮೈಸೂರಿನವರೇ, ಗಂಡ ಸಾಫ್ಟ್‌ವೇರಿನಲ್ಲಿ. "ಮಗಳು ಡ್ರೈವಿಂಗ್ ಟೆಸ್ಟಲ್ಲಿ ಮೂರನೇ ಸಲಾನೂ ಫೇಲು ಕಣ್ರೀ," ಎಂದರು. "ಬೆಳಿಗ್ಗೆ ದೀಪ ಹಚ್ಚೋವಾಗ ಗಣಪತಿಗೆ ಚೆನ್ನಾಗಿ ಉಗಿದೆ. ಮೊರದಷ್ಟು ಕಿವಿ ಇಟ್ಕೊಂಡಿದೀಯ, ಕೇಳಿಸ್ಕೊಳ್ಳೋಕೆ ಏನೋ ನಿಂಗೆ ಧಾಡಿ, ಅಂತ."

"ದೇವರಿಗೆ ಹಾಗೆಲ್ಲಾ ಅನ್ನಬಹುದೇನ್ರೀ?" ಎಂದೆ.

ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪನ್ನು ತೆಗೆದು ಆಕೆ ಹೇಳಿದರು: "ಇನ್ನೇನ್ರೀ? ಬನ್ನಿ, ಕೂತ್ಕೊಳ್ಳಿ ಅನ್ನೋಕೆ ಅವನೇನು ನಮ್ಮ ಬೀಗರಾ?"