ಮೊದಲ ಕೆಂಪು ಸಾಲು

ಜ್ವರ ಬಂದ ಮಗುವನ್ನು ಮುಟ್ಟಿ ನೋಡುವ ಹಾಗೆ ಮೇಡಂ ಕಂಪ್ಯೂಟರಿನ ಡಬ್ಬಿಗೆ ಕೈಯ ಹಿಂಬದಿ ಒತ್ತಿ ನೋಡುತ್ತಿದ್ದರು. ಬಳೆಗಳನ್ನು ಮೇಲಕ್ಕೆ ತಳ್ಳಿ, ಕಣ್ಣು ಮುಚ್ಚಿ. ನಿಜವಾಗಿ ಕಣ್ಣು ಮುಚ್ಚುತ್ತಿದ್ದರೋ, ಅದನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಬಳೆಗಳ ಸದ್ದು ಮಾತ್ರ ಖಂಡಿತ.

ಕೋಲಾರದ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಪಾಠ ಮಾಡುತ್ತಿದ್ದವರು ಅವರು. ಊರು ರಾಯಲ್ಪಾಡು. ಆತುರಪಟ್ಟವರಿಗೆಲ್ಲ "ಉಂಡು ನಾಯನಾ" ಅಂದರೆ ಸ್ವಲ್ಪ ಇರಪ್ಪಾ ಎಂದು ತೆಲುಗಿನಲ್ಲೇ ತಾಳ್ಮೆ ಹೇಳುತ್ತಿದ್ದರು. ಸಿದ್ಧವಾದ ಸಾಫ್ಟ್‌ವೇರ್ ತಂದು ಹಾಕುವುದು ಅವರಿಗೆ ಸೇರುತ್ತಿರಲಿಲ್ಲ. ಮೂಲ ಕೋಡ್ ಇಳಿಸಿಕೊಂಡು, ನಮ್ಮ ಹಳೆಯ ಯಂತ್ರಗಳಿಗೆ ತಕ್ಕಂತೆ ಅಲ್ಲೇ ಕಟ್ಟಿಸುತ್ತಿದ್ದರು. ಕಂಪೈಲ್ ಅಂದರೆ ಅದೇ. ಕೆಲಸ ಅರ್ಧಕ್ಕೆ ನಿಂತು ಪರದೆಯ ತುಂಬ ಕೆಂಪು ಸಾಲುಗಳು ಬಂದರೆ ನಾವು ಕೊನೆಯದನ್ನು ಓದಿ ಕಂಗಾಲಾಗುತ್ತಿದ್ದೆವು. ಅವರು ಮೇಲಕ್ಕೆ ಸರಿಸುತ್ತ ಹೋಗಿ, "ಕೊನೇದು ಬರೀ ಗಲಾಟೆ ಕಣೇ. ಮೊದಲ್ನೇ ತಪ್ಪು ಎಲ್ಲಾಯ್ತು ನೋಡು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಅಣ್ಣನನ್ನು ಅವರ ಮುಂದೆ ತಂದು ನಿಲ್ಲಿಸಿದೆ. ಅವನು ಟೊಮೆಟೊ ಮಂಡಿಯೊಂದರಲ್ಲಿ ಹರಾಜಿಗೆ ಮಾಲು ಜೋಡಿಸುತ್ತಿದ್ದ. ವಕ್ಕಲೇರಿಯ ರೈತರೊಬ್ಬರ ಬಾಕ್ಸುಗಳು ಬೇರೊಬ್ಬರ ಮಾಲಿನ ಜೊತೆ ಹರಾಜಾಗಿಹೋಗಿದ್ದವು. ಇವನೇ ಬೇಕೆಂದು ಸೇರಿಸಿದ ಎಂದು ಮಾಲೀಕರ ಅನುಮಾನ. "ನಾನು ಮುಟ್ಟೇ ಇಲ್ಲ" ಎಂದು ಅಮ್ಮನ ಮೇಲೆ ಆಣೆ ಇಟ್ಟಿದ್ದ. ಸಂಜೆ ತೀರ್ಮಾನ, ಕೆಲಸ ಹೋಗುವುದಲ್ಲದೆ ಕಳ್ಳನೆಂಬ ಹೆಸರೂ ಉಳಿಯುತ್ತಿತ್ತು. ಮಂಡಿಯ ಕ್ಯಾಮೆರಾದ ರೆಕಾರ್ಡಿಂಗ್ ಅವನು ತಂದಿದ್ದ ಪೆನ್‌ಡ್ರೈವಿನಲ್ಲಿತ್ತು. ಯಾವ ಪ್ಲೇಯರಿನಲ್ಲೂ ತೆರೆಯುತ್ತಿರಲಿಲ್ಲ.

ಅಂಥ ಫೈಲುಗಳನ್ನು ಓದಬಲ್ಲ ಒಂದು ತುಂಡು ಕೋಡನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಅದನ್ನು ಮೀಡಿಯಾ ಪ್ಲೇಯರಿನ ಮೂಲಕ್ಕೆ ಸೇರಿಸಿ, ಇಡೀ ಪ್ಲೇಯರನ್ನೇ ಹೊಸದಾಗಿ ಕಂಪೈಲ್ ಮಾಡಬೇಕಿತ್ತು. ಶುರುಮಾಡುವ ಮೊದಲು ಮೇಡಂ ಅಣ್ಣನ ಮುಖ ನೋಡಿದರು.

"ಓಡಿದ್ಮೇಲೆ ಏನ್ ಕಾಣ್ಸುತ್ತೋ ಅದನ್ನ ಮಾಲೀಕರಿಗೆ ಪೂರ್ತಿ ತೋರಿಸ್ಬೇಕು. ಒಪ್ಪಿಗೇನಾ?"

"ಒಪ್ಪಿಗೆ ಮೇಡಂ. ಮುಟ್ಟಿದ್ರೆ ತಾನೆ ಭಯ?"

ಸಾಲುಗಳು ಹರಿದವು. ಡಬ್ಬಿ ಕಾಯತೊಡಗಿತು. ಮೇಡಂ ಕೈ ಒತ್ತಿ, ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದರು.

"ಕರೆಂಟ್ ಹೋದ್ರೆ ಮೇಡಂ?" ಎಂದ ಅಣ್ಣ.

"ಹೋದಾಗ ನೋಡೋಣ. ಈಗ ಬಾಯಿ ಮುಚ್ಕೊಂಡ್ ಕೂತ್ಕೋ."

ತಟ್ಟನೆ ಎಲ್ಲ ನಿಂತಿತು. ಕೆಂಪು. "ಮುಗೀತು ನನ್ ಕತೆ" ಎಂದ ಅಣ್ಣ. "ಉಂಡು ನಾಯನಾ." ಅವರು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋದರು. ಮೊದಲ ಕೆಂಪು ಸಾಲಿನಲ್ಲಿ ಬೇಕಾದ ಫೈಲೊಂದು ಇಲ್ಲ ಎಂದಿತ್ತು, ಅಷ್ಟೆ. ಅದನ್ನು ತಂದು ಹಾಕಿ ಮತ್ತೆ ಓಡಿಸಿದರು.

ಕೊನೆಗೆ ಚಿತ್ರ ಮೂಡಿತು. ಅದರಲ್ಲಿ ಅಣ್ಣ ಆ ಬಾಕ್ಸುಗಳನ್ನು ಎತ್ತುತ್ತಿದ್ದ.

ಅಣ್ಣ ತೊದಲಿದ: "ಮೇಡಂ, ಇದೊಂದು ತುಂಡು ಕತ್ತರಿಸ್ಬಿಡಿ."

ಅವರು ವಿಡಿಯೋವನ್ನು ಹಿಂದಕ್ಕೆ ಎಳೆದರು. ಟೆಂಪೋವೊಂದು ರಿವರ್ಸ್ ಬರುತ್ತಿತ್ತು. ದಾರಿ ಬಿಡಲು ಅಣ್ಣ ಬಾಕ್ಸುಗಳನ್ನು ಒಂದೊಂದಾಗಿ ಪಕ್ಕದಲ್ಲಿದ್ದ ಬೇರೊಬ್ಬರ ಸಾಲಿಗೆ ಇಳಿಸುತ್ತಿದ್ದ. ಮಂಡಿಯಲ್ಲಿ ರೈತರ ಹೆಸರಿನ ಚೀಟಿಯನ್ನು ಮೇಲಿನ ಬಾಕ್ಸಿಗೆ ಮಾತ್ರ ಸಿಕ್ಕಿಸುತ್ತಾರೆ. ಮೊದಲು ಎತ್ತಿದ ಆ ಬಾಕ್ಸು ಅಡಿಗೆ ಹೋಯಿತು; ಚೀಟಿಯೂ ಅದರ ಜೊತೆ. ಅಷ್ಟರಲ್ಲಿ ಯಾರೋ ಕರೆದರು, ಅವನು ಹೋಗಿಬಿಟ್ಟ.

"ಅಯ್ಯೋ, ಟೆಂಪೋ!" ಎಂದ ಅಣ್ಣ. ನಿಜಕ್ಕೂ ಮರೆತಿದ್ದ.

"ಒಪ್ಪಿಗೆ ಅಂದಿದ್ದೆ ಅಲ್ವಾ? ಪೂರ್ತಿ ತಗೊಂಡ್ ಹೋಗು" ಎಂದು ಮೇಡಂ ಅದನ್ನು ಮಾಮೂಲಿ ವಿಡಿಯೋ ಮಾಡಿಕೊಟ್ಟರು. ಅಣ್ಣ ಮಾಲೀಕರಿಂದ ಚೆನ್ನಾಗಿ ಬೈಸಿಕೊಂಡ. ಕೆಲಸ ಉಳಿಯಿತು.

ಮನೆಯಲ್ಲಿ ಆ ಕತೆ ವರ್ಷ ವರ್ಷ ನುಣುಪಾಗುತ್ತ ಬಂತು. "ವಿಡಿಯೋ ತೋರಿಸ್ದೆ, ಎಲ್ರೂ ಗಪ್‌ಚುಪ್" ಎಂದೇ ಅಣ್ಣ ಶುರುಮಾಡುತ್ತಿದ್ದ. ಆಣೆ, ಕತ್ತರಿ ಎರಡೂ ಉದುರಿಹೋಗಿದ್ದವು. ನಾನೂ ತಲೆಯಾಡಿಸುತ್ತಿದ್ದೆ.

ಮೇಡಂ ತೀರಿಕೊಂಡಾಗ ನಾವಿಬ್ಬರೂ ರಾಯಲ್ಪಾಡಿಗೆ ಹೋದೆವು. ಅಂಗಳದಲ್ಲಿ ಕೂತಿದ್ದ ಅವರ ತಾಯಿ ಅಣ್ಣನನ್ನು ದಿಟ್ಟಿಸಿ, "ನೀನ್ಯಾರಪ್ಪಾ? ನಮ್ ಹುಡುಗಿ ನಿಂಗೆ ಹೆಂಗೆ ಗೊತ್ತು?" ಎಂದು ಕೇಳಿದರು. ಈಗ ಆ ಗಪ್‌ಚುಪ್ ಬರುತ್ತದೆ ಎಂದು ನಾನು ತಲೆ ತಗ್ಗಿಸಿದೆ.

ಅಣ್ಣ ಅವರ ಎದುರು ನೆಲದ ಮೇಲೆ ಕೂತ. "ಒಂದು ಟೆಂಪೋ ರಿವರ್ಸ್ ಬಂತಮ್ಮಾ" ಎಂದ. "ಬಾಕ್ಸ್ ಎತ್ತಿಟ್ಟಿದ್ದು ನಾನೇ."